ಕಿವುಡಾಗುವ ಕ್ರಮ

ಬೆಳಗಿನ ಜಾವ ನಾಲ್ಕಕ್ಕೆ ಬಂದರಿನ ಕಚೇರಿಯಿಂದ ಫೋನು:
ಯಾವುದೋ ದೋಣಿ ಮುಳುಗುತ್ತಿದೆಯಂತೆ, ಕೂಗುತ್ತಿದೆ.
ರಿಜಿಸ್ಟರಿನಲ್ಲಿ ಹೆಸರು ರೊಸಾಲ್ಬಾ,
ಬೇರೆ ದ್ವೀಪದ ವಿಳಾಸ, ಯಾರೂ ಎತ್ತದ ಫೋನು.
ಟಾರ್ಚು ಹಿಡಿದು ಕಟ್ಟೆಯುದ್ದಕ್ಕೂ ಎಣಿಸಿದೆವು.
ಹದಿನೇಳು ದೋಣಿ. ಹದಿನೇಳೂ ಇವೆ,
ಹಗ್ಗ ಬಿಗಿಸಿಕೊಂಡು, ಕೊಟ್ಟಿಗೆಯ ದನದ ಹಾಗೆ
ಒಂದಕ್ಕೊಂದು ಮೈ ತಿಕ್ಕುತ್ತ.
ಮತ್ತೆ ಕೂಗುವುದು ಯಾರು?

ಚಿಲೋಯೆ ದ್ವೀಪದ ಮೂಡಣ ದಂಡೆ, ಆಗಸ್ಟಿನ ಚಳಿ.
ಉಪಗ್ರಹ ಹೇಳಿದ್ದಿಷ್ಟು: ಇಲ್ಲೆಲ್ಲೋ,
ಐದು ಕಿಲೋಮೀಟರಿನ ವೃತ್ತದೊಳಗೆ.
ವೃತ್ತದೊಳಗೆ ಎರಡು ಇಗರ್ಜಿ, ಒಂದು ಮೀನಿನ ಕಾರ್ಖಾನೆ,
ಆಲೂಗಡ್ಡೆ ಹೊಲ, ಕುರಿ,
ನೀರಿನಲ್ಲಿ ಕಾಲೂರಿ ನಿಂತ ಮರದ ಮನೆಗಳು.

ಬಾಲ್ಡೊಮೆರೊ ಹೊಸ ಹುಡುಗ. ಮೀಟರಿನ ಮುಳ್ಳು ಏರಿದ್ದೇ ತಡ
"ಇಲ್ಲೇ ನೆಲ್ದಾ, ಇಲ್ಲೇ!" ಎಂದು ಇಗರ್ಜಿಯ ಕಡೆ ಓಡಿದ.
ಅದು ತಗಡಿನ ಮಾಡು, ಮಗೂ.
ಯಾರದೋ ದನಿ ಕಡ ತಂದು ತನ್ನದೆನ್ನುತ್ತದೆ.
ಜೋರಾಗಿ ಕೇಳಿದ್ದೆಲ್ಲ ಹತ್ತಿರದ್ದಲ್ಲ.
ಒದ್ದೆ ಗೋಡೆ ನುಂಗುತ್ತದೆ, ಗುಡ್ಡ ಅಡ್ಡ ಬರುತ್ತದೆ,
ಎರಡು ಅಲೆ ಎದುರುಬದುರಾದರೆ ಒಂದನ್ನೊಂದು ತಿಂದು
ನಟ್ಟನಡುವೆ ಒಂದು ಮೌನದ ಗುಂಡಿ;
ಹೆಜ್ಜೆ ಪಕ್ಕಕ್ಕಿಟ್ಟರೆ ಮತ್ತದೇ ಬೊಬ್ಬೆ.
ಒಂದೇ ಜಾಗದ ಮಾತು ನಂಬಬೇಡ.
ನಿಲ್ಲು. ಬರೆದುಕೋ. ನಡೆ. ಬರೆದುಕೋ.
ದೂರ ಅರ್ಧವಾದರೆ ಬಲ ನಾಲ್ಕು ಪಟ್ಟು:
ಅದು ಪುಸ್ತಕದೊಳಗಿನ ಬಯಲಿನ ಲೆಕ್ಕ, ಈ ಊರಿನದಲ್ಲ.

ಉದ್ದ ಎಂಟೆನಾ ಕಳಚಿ ಹಳೆಯ ಉಪಾಯ ತೋರಿಸಿದೆ:
ರೇಡಿಯೊ ಎದೆಗವಚಿಕೊಂಡು ನಿಂತಲ್ಲೇ ಮೆಲ್ಲಗೆ ತಿರುಗು.
ಮೈಯೆಂದರೆ ಉಪ್ಪುನೀರಿನ ಚೀಲ; ಅದೂ ಒಂದು ಗೋಡೆ.
ಎಲ್ಲಿ ದನಿ ತೀರಾ ಬಡವಾಗುತ್ತದೋ
ಅಲ್ಲಿ, ಹುಡುಕುವುದು ನಿನ್ನ ಬೆನ್ನ ಹಿಂದಿದೆ.
ಹುಡುಗ ಕಣ್ಣು ಮುಚ್ಚಿ ತಿರುಗಿದ.
ಹಾಲಿನ ಕ್ಯಾನು ಹೊತ್ತು ಹೋಗುತ್ತಿದ್ದವನೊಬ್ಬ
ನಿಂತು ನೋಡಿ, ಶಿಲುಬೆಯ ಗುರುತು ಹಾಕಿಕೊಂಡ.

ನಾನೂ ಹೀಗೆ ತಿರುಗಿದ್ದೆ ಒಂದಿರುಳು ಪೂರ್ತಿ,
ಕಟ್ಟೆಯ ತುದಿಯಲ್ಲಿ, ಹದಿಮೂರು ವರ್ಷದ ಹಿಂದೆ.
ಯಾವ ದಿಕ್ಕಿಗೂ ಮುಳ್ಳು ಏಳಲಿಲ್ಲ.
ಅದನ್ನು ಹುಡುಗನಿಗೆ ಹೇಳಲಿಲ್ಲ.

ಎರ್ಸಿರಾ ಅಜ್ಜಿಯ ಬೇಲಿ ದಾಟುವಾಗ
ಮುಳ್ಳು ಕೊನೆಗೆ ಬಡಿದು ಅಲ್ಲೇ ಕಚ್ಚಿಕೊಂಡಿತು.
ಎಡಕ್ಕೂ ತುಂಬು, ಬಲಕ್ಕೂ ತುಂಬು.
ಎಲ್ಲ ಕಡೆ ಇದೆ ಎಂದರೆ ಎಲ್ಲೂ ಇಲ್ಲ ಎಂದ ಹಾಗೆ.
ಇಷ್ಟು ಹತ್ತಿರ ಬಂದ ಮೇಲೆ ಕಿವುಡಾಗಬೇಕು.
ಕೇಳುವ ಶಕ್ತಿ ಇಳಿಸು. ಇನ್ನೂ ಇಳಿಸು.
ರೇಡಿಯೊವನ್ನು ಬಿಸ್ಕತ್ತಿನ ಡಬ್ಬಿಯೊಳಗಿಟ್ಟು
ಮುಚ್ಚಳವನ್ನು ಬೆರಳಗಲ ಮಾತ್ರ ತೆರೆ.

ಕೋಳಿಗೂಡು.
ಕಾವಿಗೆ ಕೂತ ಕಪ್ಪು ಹೇಂಟೆ ನನ್ನ ಕೈ ಕುಕ್ಕಿ ರಕ್ತ ಬರಿಸಿತು.
ಹೊಟ್ಟೆಯಡಿ ಆರು ಮೊಟ್ಟೆ;
ಏಳನೆಯದು ಕಿತ್ತಳೆ ಬಣ್ಣ, ನೀರಿನ ಬಾಟಲಿಯಷ್ಟು ದಪ್ಪ,
ತಲೆಯ ಮೇಲೊಂದು ದೀಪ, ಮಿನುಗುತ್ತ.

ನಿನ್ನೆ ಮೊಮ್ಮಗ ಅದನ್ನು ಉಪ್ಪುನೀರಿನ ಬಾನಿಯಲ್ಲಿ ತೇಲಿಸಿದ್ದನಂತೆ.
ಅಜ್ಜಿ ಒರೆಸಿ, ಹೇಂಟೆಗೆ ಜೊತೆಗಿರಲೆಂದು ಹುಲ್ಲಿನಲ್ಲಿಟ್ಟಳು.
"ಅದೇನು ಕೂಗುತ್ತೆ?"
"ರೊಸಾಲ್ಬಾ ಮುಳುಗುತ್ತಿದೆ ಅಂತ."
ಅಜ್ಜಿ ನಗಲಿಲ್ಲ. ಒಲೆಯ ಕಡೆ ನೋಡಿದಳು.
"ಮೂರು ಚಳಿಗಾಲ ಉರಿಸಿದೆವು ಅದನ್ನ, ಹಲಗೆ ಹಲಗೆಯಾಗಿ.
ಕೊನೆಯ ಪಕ್ಕೆಲುಬು ಹೋದ ವಾರ.
ಒಳ್ಳೆಯ ಮರ. ಹೊಗೆಯೇ ಇಲ್ಲ."

ಗುಂಡಿ ಒತ್ತಿದೆ. ಮುಳ್ಳು ಬಿತ್ತು.
ಬೇಯಿಸಿದ ಆಲೂಗಡ್ಡೆ ಕೊಟ್ಟಳು, ಜೇಬಿಗೊಂದು, ಬಿಸಿಬಿಸಿ.
ಬಾಲ್ಡೊಮೆರೊ ವರದಿಯಲ್ಲಿ ಬರೆದ: ಸುಳ್ಳು ಕರೆ.
ತಿದ್ದಲು ಹೋದವಳು ಬಿಟ್ಟೆ.

ಇಳಿಜಾರಿನಲ್ಲಿ ಸಮುದ್ರ ಎದುರಾಯಿತು.
ಆರಿಸಿದ ರೇಡಿಯೊ ಇನ್ನೂ ಎದೆಗಿತ್ತು.
ಹುಡುಗ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಾಗ
ಅದಕ್ಕೆ ಬೆನ್ನು ತಿರುಗಿಸಿ
ಒಂದು ಗಳಿಗೆ ನಿಂತೆ.